ಮರದ್ದೋ, ಸಿಮೆಂಟಿನದೋ

ಮರ, ಸಿಮೆಂಟು, ಕಬ್ಬಿಣ ಮಾರುವ ಆ ಅಂಗಡಿಯಲ್ಲಿ ಅವನನ್ನು ಎಲ್ಲರೂ ತಕ್ಕಡಿ ಅಂತಲೇ ಕರೆಯುತ್ತಿದ್ದರು. ಹೆಸರಿಟ್ಟವರು ಅಂಗಡಿಯ ಯಜಮಾನರೇ. ಬೇಲಿಗೆ ಮರದ ಕಂಬ ಒಳ್ಳೆಯದೋ ಸಿಮೆಂಟಿನದೋ ಅಂತ ಯಾರಾದರೂ ಕೇಳಿದರೆ ತಕ್ಕಡಿ ತಟ್ಟನೆ ಉತ್ತರ ಕೊಡುತ್ತಿರಲಿಲ್ಲ. ಮೊದಲು ಕೇಳಿದವರ ಮುಖ ನೋಡುತ್ತಿದ್ದ. ಅವನು ಕಂಡಂತೆ, ಅಂಗಡಿಗೆ ಬರುವವರು ಯಾರೂ ಕೇಳಿ ತಿಳಿಯುವುದಕ್ಕೆ ಬರುವುದಿಲ್ಲ. ಮನೆಯಲ್ಲೇ ತೀರ್ಮಾನ ಮಾಡಿಕೊಂಡು, ಇನ್ನೊಬ್ಬರ ಬಾಯಲ್ಲಿ ಹೂಂ ಅನ್ನಿಸಿಕೊಂಡು ಹೋಗುವುದಕ್ಕೆ ಬರುತ್ತಾರೆ. ಆ ತೀರ್ಮಾನ ಯಾವುದು ಅಂತ ಪತ್ತೆ ಹಚ್ಚುವುದೇ ಅವನ ಕಸುಬು.

ಗಿರಾಕಿಯ ಕಣ್ಣು ಮರದ ರಾಶಿಯ ಕಡೆ ಒಂದೆರಡು ಸಲ ಹೊರಳಿತೋ, ಇವನ ಬಾಯಲ್ಲಿ ಮರದ ಗುಣಗಾನ ಶುರು. "ಮರ ಅಂದ್ರೆ ಮರಾನೇ ಸಾರ್. ಎಲ್ಲಿ ಬೇಕಾದ್ರೂ ಮೊಳೆ ಹೊಡೀಬಹುದು, ಒಂದು ಹಾಳಾದ್ರೆ ಅದೊಂದನ್ನೇ ಕಿತ್ತು ಬದಲಾಯಿಸಬಹುದು, ನೋಡೋಕೂ ಲಕ್ಷಣವಾಗಿರತ್ತೆ." ಕಣ್ಣು ಸಿಮೆಂಟಿನ ಕಡೆ ಹೋದರೆ ಅದೇ ಬಾಯಿ, ಅದೇ ನಗು: "ಸಿಮೆಂಟಿಗೆ ಗೆದ್ದಲಿಲ್ಲ, ಕೊಳೆಯೋದಿಲ್ಲ, ಬಣ್ಣ ಬಳಿಯೋ ರಗಳೆ ಇಲ್ಲ. ಒಂದ್ಸಲ ನಿಲ್ಲಿಸಿದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರತ್ತೆ." ಎರಡರಲ್ಲೂ ಒಂದಕ್ಷರ ಸುಳ್ಳಿರಲಿಲ್ಲ, ಪಾಪ. ಸುಳ್ಳು ಹೇಳುವವನಾಗಿದ್ದರೆ ಅವನ ಕಥೆ ಇಷ್ಟು ಗೋಜಲಾಗುತ್ತಿರಲಿಲ್ಲ.

ಇಂಥವನ ಮನೆಯ ಹಿತ್ತಲ ಬೇಲಿಯೇ ಬಿತ್ತು. ಹಳೆಯ ಮರದ ಕಂಬಗಳು ಬುಡದಲ್ಲಿ ಕೊಳೆತು ಎಷ್ಟೋ ಕಾಲದಿಂದ ಹೆಸರಿಗಷ್ಟೇ ನಿಂತಿದ್ದವು. ಒಂದು ಮಧ್ಯಾಹ್ನ ಗಾಳಿ ಬೀಸಿದ್ದೇ ನೆಪವಾಗಿ ನಾಲ್ಕೈದು ಕಂಬಗಳು ಹಲಗೆಗಳ ಸಮೇತ ಮಲಗಿಬಿಟ್ಟವು. ಬೇಲಿಯ ಆಚೆಗೆ ಲಾರಿಗಳು ಓಡಾಡುವ ದೊಡ್ಡ ರಸ್ತೆ. ಬೇಲಿಯ ಈಚೆಗೆ ತಕ್ಕಡಿಯ ಅಮ್ಮ. ಅಮ್ಮನಿಗೆ ಮರೆವು ಹತ್ತಿ ಎರಡು ವರ್ಷದ ಮೇಲಾಗಿತ್ತು. ಊಟ ಮಾಡಿದ್ದು ಮರೆಯುತ್ತಿತ್ತು, ಸೊಸೆಯ ಮುಖ ಒಮ್ಮೊಮ್ಮೆ ಮರೆಯುತ್ತಿತ್ತು, ಆದರೆ ಎಲ್ಲಿಗೋ ಹೋಗಬೇಕು ಅನ್ನುವುದು ಮಾತ್ರ ಮರೆಯುತ್ತಿರಲಿಲ್ಲ. ಬೇಲಿ ಬಿದ್ದ ವಾರದಲ್ಲೇ ಅವಳು ರಸ್ತೆಯ ನಡುವೆ ನಿಂತಿದ್ದಳು. ಲಾರಿಯವನೊಬ್ಬ ಬ್ರೇಕು ಹಾಕಿ, ಇಳಿದು, ಬೈಯುವುದಕ್ಕೆ ಬಾಯಿ ತೆರೆದವನು ಮುದುಕಿಯ ಮುಖ ನೋಡಿ ಸುಮ್ಮನೆ ಕೈ ಹಿಡಿದು ಒಳಗೆ ಬಿಟ್ಟು ಹೋದ.

ಅಂದಿನಿಂದ ತಕ್ಕಡಿಯ ಹೆಂಡತಿ ತನ್ನ ಹೊಲಿಗೆ ಯಂತ್ರವನ್ನು ಹಿಂದಿನ ಜಗಲಿಗೆ ತಂದು ಹಾಕಿಕೊಂಡಳು. ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಕಣ್ಣು ಅತ್ತೆಯ ಮೇಲೆ. ಶಾಲೆಯ ಸಮವಸ್ತ್ರಗಳಿಗೆ ಜೇಬು ಹೊಲಿಯುವ ಕಡೆ ತೋಳು ಹೊಲಿಯುವಷ್ಟು ಅವಳ ತಲೆ ಕೆಟ್ಟಿತ್ತು.

"ಅಂಗಡೀಲಿ ರಾಶಿ ರಾಶಿ ಕಂಬ ಬಿದ್ದಿದೆ. ಯಾವುದಾದ್ರೂ ತಂದು ಹಾಕಿಸ್ರೀ" ಅಂದಳು ಅವಳು.

"ಹಾಕಿಸೋಣ. ಮರದ್ದೋ ಸಿಮೆಂಟಿನದೋ, ನಿನಗೆ ಯಾವುದು ಸರಿ ಅನ್ಸತ್ತೆ?" ಎಂದು ತಕ್ಕಡಿ ಅಭ್ಯಾಸಬಲದಿಂದ ಅವಳ ಮುಖ ನೋಡಿದ.

ಅವಳು ಕತ್ತರಿ ಕೆಳಗಿಟ್ಟಳು. "ನಾನು ಹೇಳಲ್ಲ. ಗೋಡೆಗೆ ಹಸಿರು ಬಳಿಸೋಣ ಅಂದೆ, ಕಪ್ಪಿಟ್ಟಾಗ 'ನೀನೇ ಹೇಳಿದ್ದಲ್ಲ' ಅಂದ್ರಿ. ನೀರಿನ ಟ್ಯಾಂಕು ಸೋರಿದಾಗ್ಲೂ ನಾನೇ ಹೇಳಿದ್ದು. ಮದುವೆ ಆದಾಗಿಂದ ಈ ಮನೇಲಿ ಹಾಳಾಗಿದ್ದೆಲ್ಲ ನಾನು ಹೇಳಿದ್ದೇ. ಈ ಸಲ ನೀವು ಹೇಳಿ. ನಿಮ್ಮಮ್ಮ ಅಲ್ವಾ?"

ತಕ್ಕಡಿ ಕಕ್ಕಾಬಿಕ್ಕಿಯಾದ. ಅವಳ ಮುಖದಲ್ಲಿ ಮರವೂ ಇರಲಿಲ್ಲ, ಸಿಮೆಂಟೂ ಇರಲಿಲ್ಲ, ಬರೀ ನಿದ್ದೆಗೆಟ್ಟ ಸಿಟ್ಟಿತ್ತು.

ಸರಿ, ತಾನೇ ಯೋಚಿಸಬೇಕು. ಯೋಚಿಸುವುದಕ್ಕೆ ಕೂತರೆ ತಲೆಯೊಳಗೆ ಇಬ್ಬರು ಮಾರಾಟಗಾರರು ಎದ್ದು ನಿಂತರು. ಮರ ಅಂದಾಗ ಒಬ್ಬ, 'ಮತ್ತೆ ಕೊಳೆಯೋದಕ್ಕಾ?' ಅಂದ. ಸಿಮೆಂಟು ಅಂದಾಗ ಇನ್ನೊಬ್ಬ, 'ಒಂದು ಬಿರುಕು ಬಿಟ್ರೆ ಇಡೀ ಕಂಬ ಹೋಯ್ತಲ್ಲಪ್ಪಾ' ಅಂದ. ಇಬ್ಬರೂ ಹೇಳುವುದು ಸರಿ. ಇಬ್ಬರ ದನಿಯೂ ಅವನದೇ. ಬೆಳಿಗ್ಗೆ ಹಲ್ಲುಜ್ಜುವಾಗ ಮರದ ಕಡೆ ಇದ್ದವನು ಸ್ನಾನ ಮುಗಿಸುವಷ್ಟರಲ್ಲಿ ಸಿಮೆಂಟಿನ ಕಡೆ ಆಗಿರುತ್ತಿದ್ದ. ಬೇಲಿ ಬಿದ್ದ ಜಾಗಕ್ಕೆ ಸದ್ಯಕ್ಕೆ ಅಂತ ಒಂದು ಹಗ್ಗ ಕಟ್ಟಿದ. ಅಮ್ಮ ಅದರ ಮೇಲೆ ತನ್ನ ಟವೆಲ್ ಒಣಹಾಕಿ, ಅಡಿಯಿಂದ ನುಸುಳಿ ಹೊರಟಳು.

ಯಜಮಾನರನ್ನು ಕೇಳಿದ. "ಊರಿನವರೆಲ್ಲ ನಿನ್ನನ್ನ ಕೇಳೋಕೆ ಬರ್ತಾರೆ, ನೀನು ನನ್ನನ್ನ ಕೇಳ್ತೀಯಾ?" ಅಂತ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಒಬ್ಬ ಹಲ್ಲಿನ ಡಾಕ್ಟರು ಕಂಬ ನೋಡಲು ಬಂದಾಗ ತಡೆಯಲಾರದೆ, "ನೀವಾಗಿದ್ರೆ ಯಾವುದು ಹಾಕ್ತೀರಿ ಸಾರ್?" ಅಂದುಬಿಟ್ಟ. ಡಾಕ್ಟರು ಅವನನ್ನೂ ಎರಡು ರಾಶಿಗಳನ್ನೂ ನೋಡಿ, ಮನೆಯವರನ್ನು ಕೇಳಿಕೊಂಡು ಬರುತ್ತೇನೆ ಅಂತ ಹೋದವರು ತಿರುಗಿ ಬರಲಿಲ್ಲ. ಇಷ್ಟು ದಿನ ಗಿರಾಕಿಗಳ ಮುಂದೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಬದುಕಿದವನಿಗೆ ಈಗ ಗೋಡೆಯ ಯಾವ ಬದಿಯಲ್ಲೂ ಬೆಳಕು ಕಾಣದೆ ಹೋಯಿತು.

ಹೀಗೆ ಮೀನಮೇಷ ಎಣಿಸುತ್ತಿದ್ದಾಗಲೇ ಒಂದು ದಿನ, ಹನ್ನೊಂದರ ಹೊತ್ತಿಗೆ, ಅಂಗಡಿಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು.

ತಲೆ ಬಾಚಿಕೊಂಡಿದ್ದಳು. ಕೈಯಲ್ಲಿ ಖಾಲಿ ಚೀಲವಿತ್ತು. ಹಿಂದೆ ಹೆಂಡತಿ ಬರುತ್ತಿರಬೇಕು ಅಂತ ತಕ್ಕಡಿ ಇಣುಕಿದ. ಯಾರೂ ಇರಲಿಲ್ಲ. ಹಾಗಾದರೆ ಆ ರಸ್ತೆ ದಾಟಿ ಒಬ್ಬಳೇ ಬಂದಿದ್ದಾಳೆ ಅನ್ನುವುದು ಅವನಿಗೆ ಹೊಳೆಯಿತು. ಅಷ್ಟರಲ್ಲಿ ಫೋನು ಬಂತು. ಹೆಂಡತಿ ಅಳುತ್ತಿದ್ದಳು, ದಾರ ಮುಗಿಯಿತು ಅಂತ ಒಳಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಇಲ್ಲವಂತೆ.

"ಇಲ್ಲೇ ಇದ್ದಾಳೆ. ಏನೂ ಆಗಿಲ್ಲ, ಕೂತ್ಕೋ ನೀನು" ಅಂದು ಫೋನು ಇಟ್ಟು ಅವನು ಅಮ್ಮನ ಹತ್ತಿರ ಓಡಿದ.

"ನಮಸ್ಕಾರ" ಅಂದಳು ಅಮ್ಮ. "ಬೇಲಿ ಕಂಬ ಇದೆಯಾ ನಿಮ್ಮಲ್ಲಿ?"

ನಿಮ್ಮಲ್ಲಿ. ಹೆತ್ತ ತಾಯಿ ತನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅವನಿಗೆ ಕೆನ್ನೆಗೆ ಹೊಡೆದಂತಾಯಿತು. ಸೊಸೆಯನ್ನು ಮರೆತಿದ್ದಳು, ಆದರೆ ಮಗನನ್ನು ಈವರೆಗೆ ಮರೆತಿರಲಿಲ್ಲ. 'ಅಮ್ಮಾ, ನಾನು' ಅನ್ನಬೇಕೆಂದುಕೊಂಡ. ಬಾಯಿಂದ ಬಂದದ್ದು ಬೇರೆಯೇ: "ಇದೆಯಮ್ಮ, ಬನ್ನಿ, ಕೂತ್ಕೊಳ್ಳಿ."

ಅವಳು ಸ್ಟೂಲಿನ ಮೇಲೆ ಕೂತು ಚೀಲವನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡಳು. "ನಮ್ಮನೆ ಬೇಲಿ ಬಿದ್ದು ಎಷ್ಟು ದಿನ ಆಯ್ತೋ. ನನಗೆ ಲೆಕ್ಕ ಸಿಗಲ್ಲ. ಮಗ ಹಾಕಿಸ್ತಾ ಇಲ್ಲ."

"ಯಾಕಂತೆ?" ಅಂದ ತಕ್ಕಡಿ. ಕೇಳಿದ್ದೇ ತಪ್ಪಾಯಿತೇನೋ ಅನ್ನಿಸಿತು.

"ಅವನಿಗೆ ಹೇಳೋಕೆ ಆಗಲ್ಲ. ಇದು ಬೇಕು, ಅದು ಬೇಡ ಅಂತ ಅವನ ಬಾಯಲ್ಲಿ ಯಾವತ್ತೂ ಬರಲ್ಲ." ಅವಳು ದನಿ ತಗ್ಗಿಸಿದಳು, ಪರರ ಮುಂದೆ ಮನೆ ಮಾತು ಹೇಳುವ ಹಾಗೆ. "ಒಳ್ಳೇ ಹುಡುಗ. ಆದ್ರೆ ಅವರಪ್ಪನದು ಮೂಗಿನ ತುದೀಲೇ ಕೋಪ. ಊಟಕ್ಕೆ ಕೂತಾಗ ಇನ್ನೂ ಬೇಕಾ ಅಂತ ಕೇಳೋರು. ಬೇಕು ಅಂದ್ರೂ ಏಟು ಬೀಳೋದು, ಬೇಡ ಅಂದ್ರೂ ಬೀಳೋದು, ಆವತ್ತಿನ ಸಿಟ್ಟು ಯಾವ ಕಡೆಗಿತ್ತೋ ಹಾಗೆ. ಅದಕ್ಕೆ ಇವನು ಮೊದಲು ನನ್ನ ಮುಖ ನೋಡೋನು. ಏನು ಹೇಳಬೇಕು ಅಂತ ನಾನು ಕಣ್ಣಲ್ಲೇ ಹೇಳಿಕೊಡೋಳು. ಹಾಗೇ ಬೆಳೆದ."

ತಕ್ಕಡಿಗೆ ಅಪ್ಪನ ಸಿಟ್ಟು ನೆನಪಿತ್ತು, ಅಮ್ಮನ ಕಣ್ಣು ನೆನಪಿರಲಿಲ್ಲ. ಮುಖ ನೋಡಿ ಮಾತಾಡುವುದನ್ನು ಇಷ್ಟು ವರ್ಷ ತನ್ನ ಜಾಣತನ ಅಂದುಕೊಂಡಿದ್ದ.

"ಈಗ ನನಗೇ ಏನೂ ತಿಳಿಯಲ್ಲ" ಅಂದಳು ಅವಳು. "ಅವನು ಯಾರ ಮುಖ ನೋಡ್ತಾನೆ, ಪಾಪ. ಅದಕ್ಕೆ ನಾನೇ ಬಂದೆ. ನೀವು ಹೇಳಿ, ಯಾವುದು ತಗೊಳ್ಳಲಿ?"

ಅವನು ಅವಳ ಮುಖ ನೋಡಿದ. ಬೇಡವೆಂದರೂ ಕಣ್ಣು ಅಲ್ಲಿಗೇ ಹೋಯಿತು. ಆ ಮುಖದಲ್ಲಿ ಸುಕ್ಕುಗಳಿದ್ದವು, ಬಿಸಿಲಿಗೆ ನಡೆದು ಬಂದ ಬೆವರಿತ್ತು, ಉತ್ತರ ಮಾತ್ರ ಇರಲಿಲ್ಲ. ಅವನು ದೃಷ್ಟಿ ಕಿತ್ತು ಕಂಬಗಳ ಕಡೆ ತಿರುಗಿದ. ಒಳಗಿನ ಇಬ್ಬರು ಮಾರಾಟಗಾರರು ಎದ್ದರು. ಗೆದ್ದಲು, ಬಿರುಕು, ಬಣ್ಣ, ಬಾಳಿಕೆ. ಅವರ ಗಲಾಟೆಯ ನಡುವೆ ಅವನಿಗೆ ಕಂಡದ್ದು ಲಾರಿಯ ಮುಂದೆ ನಿಂತ ಅಮ್ಮ. ಸಿಮೆಂಟಿನ ಕಂಬ ಎತ್ತಲು ಇಬ್ಬರು ಬೇಕು, ಕೂಲಿಯವರು ಸಿಗಬೇಕು, ಬುಡಕ್ಕೆ ಹಾಕಿದ ಕಾಂಕ್ರೀಟು ಗಟ್ಟಿಯಾಗಲು ದಿನಗಟ್ಟಲೆ ಬೇಕು. ಮರದ್ದಾದರೆ ಗುಂಡಿ ತೋಡಿ, ಕಲ್ಲು ಮಣ್ಣು ತುಂಬಿ ಗುದ್ದಿದರೆ ಮುಗಿಯಿತು.

"ಮರದ್ದು" ಅಂದ.

ಅಮ್ಮ ಮುಖ ಗಂಟಿಕ್ಕಿದಳು. "ನನಗೇನೋ ಸಿಮೆಂಟೇ ಗಟ್ಟಿ ಅನ್ಸತ್ತಪ್ಪ."

ನಾಲಿಗೆ ತಾನಾಗಿ ಹೊರಳಿತು. ಸಿಮೆಂಟು ಅಂದ್ರೆ ಸಿಮೆಂಟೇ ಅಮ್ಮ, ಅನ್ನುವ ಮಾತು ಹಲ್ಲಿನ ತನಕ ಬಂತು. ಅವನು ಅದನ್ನು ನುಂಗಿದ. ನುಂಗುವಾಗ ಚಿಕ್ಕಂದಿನ ಹಾಗೆ ಹೆದರಿಕೆಯಾಯಿತು, ಈ ವಯಸ್ಸಿನಲ್ಲಿ, ಈ ಮುದುಕಿಯ ಎದುರಿಗೆ.

"ಗಟ್ಟಿ ನಿಜ. ಆದ್ರೂ ಮರದ್ದೇ. ಇವತ್ತು ಸಂಜೆಯೊಳಗೆ ನೆಟ್ಟು ಮುಗಿಸಬಹುದು."

"ಮತ್ತೆ ಕೊಳೆತ್ರೆ?"

"ಕೊಳೀಲಿ. ಆಗ ಬೇರೆ ನೆಡ್ತೀನಿ."

ಅಮ್ಮ ಅವನನ್ನೇ ನೋಡಿದಳು. ಗುರುತು ಹತ್ತಿತೇನೋ ಅಂದುಕೊಂಡ ಅವನು. "ನೀವೇ ಬಂದು ನೆಡ್ತೀರಾ?" ಅಂದಳು ಅವಳು.

"ನಾನೇ."

ಅವನು ಯಜಮಾನರಿಗೆ ಒಂದು ಮಾತು ಹೇಳಿ ಕಂಬಗಳನ್ನು ಕೈಗಾಡಿಗೆ ಹೇರಿದ. ಹಾರೆ, ಗುದ್ದಲಿ ಇಟ್ಟ. ಅಮ್ಮ ಒಂದು ಕೈಯಿಂದ ಗಾಡಿಯ ಅಂಚು ಹಿಡಿದುಕೊಂಡು ಜೊತೆಗೆ ನಡೆದಳು. ರಸ್ತೆ ದಾಟುವಾಗ ಅವನು ಅವಳ ಇನ್ನೊಂದು ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

ಹಿತ್ತಲು ಕಾಣುವಷ್ಟು ಹತ್ತಿರ ಬಂದಾಗ ಅವಳು ನಿಂತು, ಗುಟ್ಟು ಹೇಳುವವಳಂತೆ ಅವನ ಕಡೆ ಬಾಗಿದಳು.

"ಮನೇಲಿ ನನ್ನ ಮಗ ಇದ್ರೆ ಅವನನ್ನ ಏನೂ ಕೇಳೋಕೆ ಹೋಗಬೇಡಿ. ಹೆದರ್ತಾನೆ. ಸುಮ್ಮನೆ ನೆಟ್ಟುಬಿಡಿ."

"ಆಯ್ತಮ್ಮ" ಅಂದ ತಕ್ಕಡಿ. "ಕೇಳಲ್ಲ."