ಸಸಿಯಕ್ಕನ ಕೈ, ಟ್ರ್ಯಾಕ್ಟರಿನ ಸ್ಟೇರಿಂಗು

ಸಸಿಯಕ್ಕನಿಗೆ ಟ್ರ್ಯಾಕ್ಟರ್ ಓಡಿಸಲು ಬರುವುದಿಲ್ಲ ಎಂದು ಬೀದಿಯವರೆಲ್ಲ ಸೇರಿ ತೀರ್ಮಾನಿಸಿ ಮೂರು ದಿನವಾಗಿತ್ತು. ಪಾಪ, ನಾಲ್ಕನೆಯ ದಿನ ಅವಳೂ ಅದನ್ನು ಒಪ್ಪಿಕೊಂಡುಬಿಟ್ಟಳು.

ಅವಳದೂ ಅವಳ ಗಂಡನದೂ ಗಿಡ ಬೆಳೆಸಿ ಮಾರುವ ಕಸುಬು. ಮನೆಯ ಹಿಂದೆ ಸಸಿಗಳ ಮಡಿ, ಅದರಾಚೆ ಶೆಡ್ಡು, ಶೆಡ್ಡಿನಲ್ಲೊಂದು ಹಳೆಯ ಚಿಕ್ಕ ಟ್ರ್ಯಾಕ್ಟರ್. ಹುಲ್ಲು ಕತ್ತರಿಸಲಿಕ್ಕೂ ಅದೇ, ಕುಂಡ ತುಂಬಿದ ಗಾಡಿ ಎಳೆಯಲಿಕ್ಕೂ ಅದೇ. ಇಪ್ಪತ್ತು ವರ್ಷದಿಂದ ಅದರ ಸೀಟಿನ ಮೇಲೆ ಕೂತವನು ಗಂಡನೊಬ್ಬನೇ. ಈಗ ಅವನು ಏಣಿಯಿಂದ ಜಾರಿ ಬಿದ್ದು, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದ. ಹಾಗಾಗಿ ಕೀಲಿ ಸಸಿಯಕ್ಕನ ಕೈಗೆ ಬಂತು.

ಕೀಲಿ ಬಂದದ್ದೇ ಬಂತು, ನೆಮ್ಮದಿ ಹೋಯಿತು. ಬಲಕ್ಕೆ ತಿರುಗಿಸಿದರೆ ಟ್ರ್ಯಾಕ್ಟರ್ ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ಹೊರಳುತ್ತಿತ್ತು. ನೇರ ಹಿಡಿದರೆ ಅತ್ತಲೊಮ್ಮೆ ಇತ್ತಲೊಮ್ಮೆ ಓಲಾಡುತ್ತಿತ್ತು. ಮೊದಲ ದಿನ ಎರಡು ಕುಂಡ ಹೋದವು, ಮಾರನೆಯ ದಿನ ಬೇಲಿಯ ಕಂಬ. ಅವಳು ಹಲ್ಲು ಕಚ್ಚಿಕೊಂಡು ಓಡಿಸಿದಳು.

"ಅದು ನನ್ನ ಮಾತು ಬಿಟ್ರೆ ಬೇರೆ ಯಾರ ಮಾತೂ ಕೇಳಲ್ಲ ಕಣೇ," ಎಂದು ಗಂಡ ಕಿಟಕಿಯಲ್ಲಿ ಕೂತೇ ಹೆಮ್ಮೆಪಟ್ಟುಕೊಂಡ. "ತಿರುಗೋ ಜಾಗ ಬರೋದಕ್ಕೆ ಮುಂಚೇನೇ ಕಾಲು ಸುತ್ತು ತಿರುಗಿಸಿಟ್ಕೋಬೇಕು. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ನಾಲ್ಕನೆಯ ದಿನ ಬೆಳಿಗ್ಗೆ ಗಾಡಿಗೆ ಸಸಿ ತುಂಬಿಕೊಂಡು ಇಳಿಜಾರು ಇಳಿಯುತ್ತಿದ್ದಳು. ಮೂಲೆಮನೆಯ ಅಜ್ಜಿ ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಸಸಿಯಕ್ಕ ಬಲಕ್ಕೆ ತಿರುಗಿಸಿದಳು, ಟ್ರ್ಯಾಕ್ಟರ್ ಸೀದಾ ಗೋಡೆಯ ಕಡೆಗೇ ಹೋಯಿತು. ಜೀವ ಬಾಯಿಗೆ ಬಂದು ಬ್ರೇಕ್ ತುಳಿದಳು. ಮುಂದಿನ ಚಕ್ರ ಅಜ್ಜಿಯ ಚಪ್ಪಲಿಯ ಮೇಲೆ ಹತ್ತಿ ನಿಂತಿತು. ಪುಣ್ಯಕ್ಕೆ ಚಪ್ಪಲಿಯೊಳಗೆ ಕಾಲು ಇರಲಿಲ್ಲ.

"ಚಪ್ಪಲಿ ತಾನೇ, ಹೋದ್ರೆ ಹೋಗ್ಲಿ ಬಿಡು ಮಗಳೇ," ಎಂದಳು ಅಜ್ಜಿ. ಹಾಗೆನ್ನುತ್ತಲೇ ಕುರ್ಚಿ ಎತ್ತಿಕೊಂಡು ಒಳಗೆ ಹೋದಳು.

ಸಸಿಯಕ್ಕ ಹೇಗೋ ಮನೆಗೆ ಬಂದು ಕೀಲಿಯನ್ನು ಗಂಡನ ಮುಂದಿಟ್ಟಳು. "ನಾನಿನ್ನು ಮುಟ್ಟಲ್ಲ ರೀ. ಇವತ್ತು ಚಪ್ಪಲಿ, ನಾಳೆ ಕಾಲೇ ಇರುತ್ತೆ. ನನ್ನ ಕೈಯಲ್ಲಿ ಆಗದ ಕೆಲಸ ಇದು." ಒಳಗೆ ಹೋಗಿ ಅತ್ತಳು. ಭಯಕ್ಕೆ ಅತ್ತದ್ದು ಸ್ವಲ್ಪ, ಅವಮಾನಕ್ಕೆ ಅತ್ತದ್ದು ಹೆಚ್ಚು.

ಆ ಸಂಜೆ ಗಂಡನ ಅಕ್ಕ ತಮ್ಮನ ಕಾಲು ನೋಡಲು ಬಂದಳು. ಮೂವತ್ತು ವರ್ಷ ಹುಲ್ಲು ಕತ್ತರಿಸುವ ಯಂತ್ರ, ಚಿಕ್ಕ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡೇ ಬದುಕಿದವಳು. ಗೇಟಿನಿಂದಲೇ ಅವಳ ಕಣ್ಣು ಅಂಗಳದಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಮೇಲೆ ಬಿತ್ತು. ಅದರ ಮುಂದಿನ ಎರಡು ಚಕ್ರ, ಜಗಳವಾಡಿದ ವಾರಗಿತ್ತಿಯರಂತೆ, ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು.

"ನನ್ನ ಕೈಯೇ ಸರಿ ಇಲ್ಲ ಅತ್ತಿಗೆ," ಎಂದು ಸಸಿಯಕ್ಕ ನಡೆದದ್ದನ್ನೆಲ್ಲ ಹೇಳಿದಳು.

"ಕೈ ಸರಿ ಇಲ್ವೋ, ಕಬ್ಬಿಣ ಸರಿ ಇಲ್ವೋ, ನೋಡೇಬಿಡೋಣ," ಎಂದು ಅವಳು ತಮ್ಮನ ಕಡೆ ತಿರುಗಿದಳು. "ಏನೋ, ನೀನೂ ಶೆಡ್ಡಿಗೆ ಬಾ."

"ಅದಕ್ಕೇನಾಗಿದೆ ಅಕ್ಕ? ಇಪ್ಪತ್ತು ವರ್ಷ ಓಡ್ಸಿದೀನಿ, ಯಾರಿಗೂ ಒಂದು ಗೀರೂ ಆಗಿಲ್ಲ."

"ಇಪ್ಪತ್ತು ವರ್ಷದಲ್ಲಿ ಒಂದ್ಸಲನಾದ್ರೂ ಅದರ ಮುಂದೆ ಕೂತು ನೋಡಿದೀಯಾ?"

ಗಂಡ ನೋಡಿರಲಿಲ್ಲ. ಅವನು ಯಾವಾಗಲೂ ಸೀಟಿನ ಮೇಲೆಯೇ. ಅವನು ಮುಂದೆ ಕೂತು ನೋಡಬೇಕಾದರೆ ಸೀಟಿನ ಮೇಲೆ ಇನ್ನೊಬ್ಬರು ಕೂರಬೇಕು, ಹಾಗೆ ಕೂರಲು ಅವನು ಯಾರನ್ನೂ ಬಿಟ್ಟಿರಲೇ ಇಲ್ಲ.

ಅತ್ತಿಗೆ ಟ್ರ್ಯಾಕ್ಟರನ್ನು ಮೆಲ್ಲಗೆ ಶೆಡ್ಡಿನ ಸಮತಟ್ಟು ನೆಲಕ್ಕೆ ತಂದು, ಇಂಜಿನ್ ಆರಿಸಿ, ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡಳು. ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟಳು. ಊರುಗೋಲು ಊರಿಕೊಂಡು ಬಂದ ತಮ್ಮನಿಗೆ ಮುಂದಿನ ಚಕ್ರದ ಎದುರಿಗೆ ಕುರ್ಚಿ ಎಳೆದು ಹಾಕಿದಳು. ಸಸಿಯಕ್ಕನನ್ನು ಸೀಟಿಗೆ ಹತ್ತಿಸಿ, ಸ್ಟೇರಿಂಗಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು.

"ಮೆಲ್ಲಗೆ ತಿರುಗಿಸು. ಚಕ್ರ ಅಲ್ಲಾಡಿದ ಕೂಡ್ಲೇ ನೀನು ಹೇಳೋ."

ಗಂಡ ಚಕ್ರವನ್ನೇ ನೋಡುತ್ತ ಕೂತ. "ತಿರುಗಿಸೇ," ಎಂದ.

"ತಿರುಗಿಸ್ತಾನೇ ಇದೀನಿ ರೀ."

ಸೀಮೆಸುಣ್ಣದ ಗೆರೆ ಒಂದು ಗೇಣು ದಾಟಿದ ಮೇಲೆ ಚಕ್ರ ಒಲ್ಲದ ಮನಸ್ಸಿನಿಂದ ಹೊರಳಿತು. ಗಂಡನ ಮುಖ ಹುಳ್ಳಗಾಯಿತು.

ಅತ್ತಿಗೆ ಅಲ್ಲಿಗೇ ಬಿಡಲಿಲ್ಲ. ಸಸಿಯಕ್ಕನನ್ನು ಕೆಳಗಿಳಿಸಿ, ಜಾಕಿ ಕೊಟ್ಟು ಮುಂಭಾಗ ಎತ್ತಿದಳು. ಜಾಕಿಯೊಂದನ್ನೇ ನಂಬದೆ ಅಡಿಗೆ ಗಟ್ಟಿ ಮರದ ದಿಮ್ಮಿಯನ್ನೂ ಇಟ್ಟಳು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎಂದಿತು. "ಇಲ್ಲಿ ಒಳಗಿನ ಬಳೆ, ಬುಷ್ ಅಂತೀವಲ್ಲ, ಅದು ಸವೆದಿದೆ." ಎರಡು ಚಕ್ರಕ್ಕೂ ಕೊಂಡಿಯಾದ ಸರಳಿನ ತುದಿಗಳನ್ನು ಹಿಡಿದು ನೋಡಿದಳು. ಅಲ್ಲಿಯೂ ಸಡಿಲ. ಆಮೇಲೆ ಎರಡು ಚಕ್ರಗಳನ್ನೂ ಹೊತ್ತ ಆಕ್ಸಲ್ಲನ್ನೇ ಹಿಡಿದು ಹಿಂದೆ ಮುಂದೆ ಜಗ್ಗಿದಳು. ಅದನ್ನು ನಡುವೆ ಟ್ರ್ಯಾಕ್ಟರಿಗೆ ಸಿಕ್ಕಿಸಿದ್ದ ದಪ್ಪ ಪಿನ್ನಿನ ಪಕ್ಕದಿಂದ ಒಂದು ತಗಡಿನ ಚೂರು ಕಳಚಿ ನೆಲಕ್ಕೆ ಬಿತ್ತು.

"ಇದೇನೋ ಇದು?"

"ಎಣ್ಣೆ ಡಬ್ಬದ ತಗಡು," ಎಂದ ಗಂಡ ಮೆಲ್ಲಗೆ. "ಆರು ವರ್ಷದ ಕೆಳಗೆ ಲೂಸಾಗಿತ್ತು. ಸುತ್ತಿ ತೂರಿಸಿದ್ದೆ."

"ಸದ್ಯ, ಪೇಪರ್ ತುರುಕ್ಲಿಲ್ಲ."

"ನಟ್ಟು ಗಟ್ಟಿಯಾಗಿ ಬಿಗಿದುಬಿಟ್ರೆ ಸಾಲಲ್ವಾ ಅಕ್ಕ?"

"ಬಿಗಿದ್ರೆ ಆಕ್ಸಲ್ ಮೇಲೆ ಕೆಳಗೆ ಆಡೋದೇ ನಿಂತುಹೋಗುತ್ತೆ. ಹಳ್ಳ ದಿಣ್ಣೆ ಬಂದಾಗ ಒಂದು ಚಕ್ರ ಗಾಳೀಲಿ ನಿಲ್ಲುತ್ತೆ. ಸವೆದದ್ದನ್ನ ಬದಲಾಯಿಸ್ಬೇಕು, ಅಷ್ಟೇ. ಅದಿರ್ಲಿ, ಗ್ರೀಸ್ ಯಾವಾಗ ಹೊಡೆದಿದ್ದೆ?"

ಗಂಡ ಸೂರು ನೋಡಿದ. ಅತ್ತಿಗೆ ಆಕ್ಸಲ್ಲಿನ ಮೇಲಿದ್ದ ಒಂದು ಗುಬುಟನ್ನು ಉಗುರಿನಿಂದ ಕೆರೆದಳು. ಕೆಂಪು ಬಣ್ಣದ ಪದರ, ಅದರಡಿ ಇನ್ನೊಂದು ಕೆಂಪು ಪದರ, ಎಲ್ಲದರ ಅಡಿಯಲ್ಲಿ ಗ್ರೀಸ್ ಒಳಗೆ ಹೋಗುವ ಪುಟ್ಟ ನಿಪ್ಪಲ್. ಪ್ರತಿ ವರ್ಷ ಟ್ರ್ಯಾಕ್ಟರಿಗೆ ಅಕ್ಕರೆಯಿಂದ ಹೊಸ ಬಣ್ಣ ಬಳಿಯುತ್ತ, ಅದರ ಬಾಯನ್ನೇ ಅವನು ಮುಚ್ಚಿಬಿಟ್ಟಿದ್ದ.

ಅತ್ತಿಗೆ ಉಗುರು ಒರೆಸಿಕೊಂಡಳು. ಆಮೇಲೆ ಗಂಡ ಹೆಂಡತಿಯ ಕಡೆ ತಿರುಗಿದ. "ನಿನ್ನ ಕೈ ಸರಿಯಾಗೇ ಇತ್ತು ಕಣೇ. ಇದರ ಕಾಯಿಲೆಗೆ ನನ್ನ ಕೈ ಹೊಂದ್ಕೊಂಡಿತ್ತು, ಅದನ್ನೇ ಜಾಣತನ ಅಂದ್ಕೊಂಡಿದ್ದೆ. ಇವತ್ತು ಅಜ್ಜಿ ಕಾಲು ಹೋಗಿದ್ರೆ ಆ ಪಾಪ ನಂದೇ ಆಗ್ತಿತ್ತು. ಜನ ಮಾತ್ರ ನಿನ್ನನ್ನೇ ಬೈತಿದ್ರು."

ಸಸಿಯಕ್ಕನಿಗೆ ನಾಲ್ಕು ದಿನದಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು, ಮತ್ತೆ ಕಣ್ಣು ತುಂಬಿತು.

ರಿಪೇರಿಗೆ ಎರಡು ದಿನ ಹಿಡಿಯಿತು. ಸವೆದು ಮೊಟ್ಟೆಯಾಕಾರವಾಗಿದ್ದ ಆಕ್ಸಲ್ಲಿನ ತೂತನ್ನು ಲೇತ್ ಅಂಗಡಿಯಲ್ಲಿ ಕೊರೆಸಿ ಹೊಸ ಬುಷ್ ಕೂರಿಸಿದರು. ಹೊಸ ಪಿನ್ನು, ಚಕ್ರಗಳಿಗೆ ಹೊಸ ಬುಷ್, ಸರಳಿಗೆ ಹೊಸ ತುದಿಗಳು ಬಂದವು. ಸ್ಟೇರಿಂಗಿನ ಹಲ್ಲುಚಕ್ರ ತೊಳೆದು, ಹಲ್ಲಿಗೆ ಹಲ್ಲು ಸರಿಯಾಗಿ ಕೂರುವಂತೆ ಹೊಂದಿಸಿದರು. ಹಳೆಯ ಕಪ್ಪು ಕೊಳೆ ಹೊರಬರುವ ತನಕ ಸಸಿಯಕ್ಕನೇ ಗ್ರೀಸ್ ಒತ್ತಿದಳು. ಚಕ್ರಗಳ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು, ಹಿಂಬದಿಗಿಂತ ಮುಂಬದಿ ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಹತ್ತಿರ ಬರುವಂತೆ ಅತ್ತಿಗೆ ಹೊಂದಿಸಿದಳು. ಸೀಮೆಸುಣ್ಣದ ಪರೀಕ್ಷೆ ಮತ್ತೆ ನಡೆಯಿತು. ಈ ಸಲ ಗೆರೆ ಎರಡು ಬೆರಳು ಸರಿಯುವಷ್ಟರಲ್ಲಿ ಚಕ್ರ ಹೊರಳಿತು.

ಮರುದಿನ ಸಸಿಯಕ್ಕ ತುಂಬಿದ ಗಾಡಿಯೊಂದಿಗೆ ಇಳಿಜಾರು ಇಳಿದಳು. ಟ್ರ್ಯಾಕ್ಟರ್ ಅವಳು ಹೇಳಿದ ಕಡೆ ಹೋಯಿತು. ಬೀದಿಯವರು ತಮ್ಮ ತೀರ್ಮಾನವನ್ನು ಸದ್ದಿಲ್ಲದೆ ವಾಪಸು ತೆಗೆದುಕೊಂಡರು.

ತಿಂಗಳೆರಡು ಕಳೆದು ಗಂಡನ ಕಾಲು ಸರಿಹೋಯಿತು. ಠೀವಿಯಿಂದ ಸೀಟು ಹತ್ತಿದ. ತಿರುವು ಬರುವ ಮೊದಲೇ, ಹಳೆಯ ರೂಢಿಯಂತೆ, ಕಾಲು ಸುತ್ತು ತಿರುಗಿಸಿದ. ಟ್ರ್ಯಾಕ್ಟರ್ ಆ ಕ್ಷಣವೇ ಹೊರಳಿ ಟೊಮೆಟೊ ಮಡಿಗೆ ನುಗ್ಗಿತು.

ಸಸಿಯಕ್ಕ ಬಂದು ಕೀಲಿ ತಿರುಗಿಸಿ ಇಂಜಿನ್ ಆರಿಸಿದಳು. "ಇಳೀರಿ. ಹೇಗೆ ಓಡಿಸೋದು ಅಂತ ಹೇಳಿಕೊಡ್ತೀನಿ."

ಅವನು ತೆಪ್ಪಗೆ ಇಳಿದ.

ಇದನ್ನು ಓದುತ್ತಿರುವವರ, ಕೇಳುತ್ತಿರುವವರ ಮನೆಯಲ್ಲೂ ಇಂಥ ಹಳೆಯ ಟ್ರ್ಯಾಕ್ಟರ್ ಇರಬಹುದು. ಇವತ್ತೇ ಸಮತಟ್ಟು ನೆಲದಲ್ಲಿ ಇಂಜಿನ್ ಆರಿಸಿ, ಕೀಲಿ ತೆಗೆದು, ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು, ಸ್ಟೇರಿಂಗಿನ ಮೇಲೆ ಗೆರೆ ಎಳೆದು, ಸೀಟಿನ ಮೇಲೆ ಮನೆಯ ಇನ್ನೊಬ್ಬರನ್ನು ಕೂರಿಸಿ, ನೀವು ಮುಂದೆ ಕೂತು ಚಕ್ರ ನೋಡಿ. ಗೆರೆ ಗೇಣು ದಾಟಿದರೂ ಚಕ್ರ ಅಲ್ಲಾಡದಿದ್ದರೆ ಟ್ರ್ಯಾಕ್ಟರ್ ಹೊರಗೆ ತೆಗೆಯಬೇಡಿ, ತಿಳಿದವರಿಗೆ ತೋರಿಸಿ. ತಗಡು ತುರುಕಬೇಡಿ. ಗ್ರೀಸ್ ಹಾಕುವುದನ್ನು ಮರೆಯಬೇಡಿ. ನಿಮ್ಮ ಕೈಗೆ ಅದರ ಸಡಿಲ ಅಭ್ಯಾಸವಾಗಿರಬಹುದು. ನಾಳೆ ಆ ಸೀಟಿನಲ್ಲಿ ಕೂರುವ ನಿಮ್ಮವರಿಗೆ ಅದು ಗೊತ್ತಿರುವುದಿಲ್ಲ.