ದುರ್ಗಾಳ ರಕ್ತ ಹೇಳಿದ್ದು

ಅತ್ತೆ ಕಾಮಿ ಕೊರೊನಾದಿಂದ ತೀರಿಕೊಂಡದ್ದು ಮೇ ತಿಂಗಳಲ್ಲಿ. ರೋಗ ತಂದವಳು ಅಂಗನವಾಡಿಯ ದುರ್ಗಾ ಎಂದು ಅಗಸೂರಿನ ಆ ಮನೆಯಲ್ಲಿ ತೀರ್ಮಾನವಾಗಲು ಹನ್ನೆರಡು ದಿನವೂ ಬೇಕಾಗಲಿಲ್ಲ. ಬಾಯಿಬಿಟ್ಟು ಹೇಳಿದವನು ಮೈದುನ ಯೋಗೇಶ: "ಮನೆಮನೆ ತಿರುಗಿ ಜ್ವರದವ್ರ ಪಟ್ಟಿ ಮಾಡ್ದವ್ಳು ನೀನೇ ಅಲ್ವಾ ಅತ್ಗೆ?" ಗಂಡ ಕೇಶವ ಎದ್ದು ಅಂಗಳಕ್ಕೆ ಹೋದ. ದುರ್ಗಾಳೂ ಮೂರು ತಿಂಗಳು ಅದನ್ನೇ ನಂಬಿಕೊಂಡಿದ್ದಳು.

ಆಗಸ್ಟಿನಲ್ಲಿ ಕಾರವಾರದ ಲ್ಯಾಬಿನಲ್ಲಿರುವ ಗೆಳತಿ ಸಂಧ್ಯಾ ಬಂದು, ರೋಗ ನಿಜಕ್ಕೂ ದುರ್ಗಾಳಿಗೆ ಬಂದಿತ್ತೇ ಎಂದು ನೋಡಲು ಅವಳ ರಕ್ತ ಒಯ್ದಳು. "ನಂಗಂತೂ ಅದು ಮುಟ್ಲೇ ಇಲ್ಲ, ಬೇಕಾದ್ರೆ ನೋಡಿ" ಎಂದು ಜಂಬ ಕೊಚ್ಚುತ್ತ ಯೋಗೇಶನೂ ತೋಳು ಚಾಚಿದ್ದ.

ವರದಿ ತರಲು ಹೋದ ದುರ್ಗಾಳನ್ನು ಸಂಧ್ಯಾ ಕೂರಿಸಿಕೊಂಡು ಹೇಳಿದಳು.

"ಈ ವೈರಸ್ಸಿನ ಮೈ ಕಟ್ಟೂದು ನಾಲ್ಕು ಪ್ರೊಟೀನು, ಮಾರಾಯ್ತಿ. ಮೇಲಿನ ಮುಳ್ಳು ನಮ್ಮ ಜೀವಕೋಶಕ್ಕೆ ಕಚ್ಕೊಳ್ತದೆ. ಎಂ ಅಂಬೂದು ಹೊದಿಕೆಗೆ ಆಕಾರ ಕೊಡ್ತದೆ. ಇ ಅಂಬೂದು ಹೊಸ ವೈರಸ್ ಕಟ್ಟಿ ಹೊರಗೆ ಬಿಡೂಕೆ. ತೀರಾ ಒಳಗೆ ಆರ್‌ಎನ್‌ಎಗೆ ಸುತ್ಕೊಂಡದ್ದು ಎನ್. ನೀ ಹಾಕ್ಸ್ಕೊಂಡ ಲಸಿಕೆ ಕಲ್ಸಿದ್ದು ಮುಳ್ಳು ಮಾತ್ರ. ಹಲಸಿನಕಾಯಿ ಮುಳ್ಳು ಮುಟ್ಟಿದ್ರೆ ಒಳಗಿನ ಬೀಜ ಗೊತ್ತಾಗ್ತದ್ಯಾ? ರೋಗವೇ ಬಂದು ಹೋದ್ರೆ ರಕ್ತಕ್ಕೆ ಎನ್‌ನದ್ದೂ ಗುರ್ತು ಸಿಗ್ತದೆ. ನಿನ್ನ ರಕ್ತಕ್ಕೆ ಎನ್ ಗುರ್ತೇ ಇಲ್ಲ. ನೂರಕ್ಕೆ ನೂರು ಅನ್ನೂಕೆ ಆಗೂದಿಲ್ಲ, ಆದ್ರೆ ರೋಗ ನಿಂಗೆ ಬಂದದ್ದೇ ಅನುಮಾನ."

ದುರ್ಗಾ ಅಲ್ಲೇ ಅತ್ತಳು. ಅಗಸೂರಿಗೆ ಮರಳುವ ಬಸ್ಸಿನ ದಾರಿಯುದ್ದಕ್ಕೂ ಯೋಗೇಶನಿಗೆ ಹೇಳಬೇಕಾದ ಮಾತುಗಳನ್ನು ಮಸೆದಳು, ಒಂದಕ್ಕಿಂತ ಒಂದು ಖಾರ.

ಮನೆಗೆ ಬಂದು ಅವನ ವರದಿಯ ಲಕೋಟೆ ಅವನಿಗೆ ಕೊಟ್ಟಳು. ಒಡೆದು ನೋಡಿದ, ತಲೆಬುಡ ತಿಳಿಯದೆ ಅವಳತ್ತಲೇ ಚಾಚಿದ. "ಎಂತ ಬರ್ದಿದ್ದಾರೆ ಅತ್ಗೆ?"

ಲಸಿಕೆಯನ್ನೇ ಹಾಕಿಸಿಕೊಳ್ಳದವನ ರಕ್ತದಲ್ಲಿ ಮುಳ್ಳಿನ ಗುರುತೂ ಇತ್ತು, ಎನ್‌ನ ಗುರುತೂ ಇತ್ತು.

"ನಿಂಗೆ ಬಂದು ಹೋಗಿದೆ," ಎಂದಳು.

ಯೋಗೇಶ ಜಗಲಿಯ ಮೇಲೆ ಕುಳಿತ. "ಹೆತ್ತ ಆಯಿಗೆ ಜ್ವರ ಬರೂಕೆ ಮುಂಚೆ, ಶೆಟಗೇರಿ ಊರಿನ ಮದುವೆ ಮುಗ್ಸಿ ಬಂದಾಗ ನಂಗೆ ಎರಡು ದಿನ ಶೀತ ಇತ್ತು. ಆಯಿನೇ ಪಕ್ಕ ಕೂತು ಗಂಜಿ ಕುಡಿಸಿದ್ಳು. ಹಾಗಾದ್ರೆ ನಾನೇ..."

ಮಸೆದ ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಕಾಗದವನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದಳು.

"ಆಯಿಗೆ ಯಾರಿಂದ ಬಂತು ಅಂತ ಇದ್ರಲ್ಲಿ ಬರ್ದಿಲ್ಲ, ಯೋಗೇಶ."

ಈ ಮೂರು ತಿಂಗಳಲ್ಲಿ ಇದೊಂದು ಮಾತನ್ನು ತನಗೆ ಯಾರೂ ಹೇಳಲಿಲ್ಲವಲ್ಲ ಎಂದು ಅವಳಿಗೆ ಮತ್ತೆ ಅಳು ಬಂತು.