ಬಿಸಿನೀರು ಕಂಡ ಬೀಜ

ಹೊಸನಗರದಿಂದ ಬಂದ ಗ್ರಾಮಸೇವಕರೇ ನನ್ನ ಹಿತ್ತಲಿನ ಟೊಮೆಟೊ ನೋಡಿ ಬೆರಗಾಗಿದ್ದರು. ಅಂಗೈ ತುಂಬುವ, ಮೈಯೆಲ್ಲ ಏಣು ಬಿದ್ದ ಆ ಹಣ್ಣಿನ ಬೀಜ ತೀರ್ಥಹಳ್ಳಿ ಕಡೆಯ ನನ್ನ ತವರಿನದು. ಊರಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ, ಇರಲೂಬಾರದು ಅನ್ನುವ ಜಂಬ ನನಗೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಪಕ್ಕದ ಮನೆಯ ಕೆರಿಯಮ್ಮ ಬೀಜ ಕೇಳಿದಳು. ಇಲ್ಲ ಅನ್ನಲು ನಾಲಿಗೆ ಬರಲಿಲ್ಲ. ಹುಟ್ಟದಿರಲೆಂದು ಒಂದು ಚಿಟಿಕೆ ಬೀಜವನ್ನು ಕುದಿಯುವ ನೀರಿಗೆ ಹಾಕಿ ತೆಗೆದು, ಒಣಗಿಸಿ, ಗೊತ್ತಾಗದಂತೆ ಬೂದಿ ಸವರಿ ಕೊಟ್ಟೆ. ಕೊಟ್ಟು ಮರೆತೂಬಿಟ್ಟೆ.

ಈ ವರ್ಷ ನಾನು ಪಾತಿ ಮಾಡುತ್ತಿದ್ದಾಗ ಅವಳು ಬೇಲಿಯ ಹತ್ತಿರ ಬಂದು ನಿಂತಳು. ನೀನೂ ಒಂದು ಪಾತಿ ಮಾಡೇ ಎಂದೆ, ಸುಮ್ಮನೆ ಮಾತಿಗೆ.

"ಬ್ಯಾಡ ಅಕ್ಕ. ನನ್ನ ಕೈಗುಣ ಗೊತ್ತಾತಲ್ಲ. ನಿಮ್ಮಲ್ಲಿ ಉದುರಿದಲ್ಲೆಲ್ಲ ಹುಟ್ಟೋ ಬೀಜ ನನ್ನ ಕೈಲಿ ಒಂದೂ ಹುಟ್ಲಿಲ್ಲ. ಮದುವೆಯಾಗಿ ಆರು ವರ್ಷ ಆತು, ಮಕ್ಕಳು ಯಾಕಾಗ್ಲಿಲ್ಲ ಅಂತ ಅವಾಗ್ಲೇ ತಿಳೀತು. ಇನ್ನೊಂದು ಮದುವೆ ಆಗಿ ಅಂತ ಇವ್ರಿಗೆ ನಾನೇ ಹೇಳಿದೀನಿ. ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಸಾಗರದ ಕಡೆ ಹೆಣ್ಣು ನೋಡಕ್ಕೆ ಹೋಗ್ತಾರೆ."

ಎರಡು ದಿನ ಬೇಲಿಯ ಕಡೆ ಹೋಗಲಿಲ್ಲ. ಹೇಳಿದರೆ ಊರು ನನ್ನ ಮುಖಕ್ಕೆ ಉಗಿಯುತ್ತದೆ, ಹೇಳದಿದ್ದರೆ ಅವಳ ಮನೆಗೆ ಸವತಿ ಬರುತ್ತಾಳೆ. ಮೂರನೆಯ ದಿನ ತಡೆಯಲಾಗದೆ ಹೋಗಿ ಹೇಳಿಬಿಟ್ಟೆ. "ಕೆರಿಯಮ್ಮ, ಆ ಬೀಜ ಬೆಂದಿದ್ದು ಕಣೇ. ನಾನೇ ಬಿಸಿನೀರಿಗೆ ಹಾಕಿದ್ದೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಬೀಜ ಕೊಡಿ. ಹುಟ್ಟಿದ ಮೇಲೆ ಇವ್ರಿಗೆ ಹೇಳ್ತೀನಿ" ಎಂದು ಅವಳು ಕೈ ಚಾಚಿದಳು. ಕುಡಿಕೆಯಲ್ಲಿದ್ದ ಒಳ್ಳೆಯ ಬೀಜವನ್ನೆಲ್ಲ ತಂದು ಸುರಿದೆ. ಅವಳು ಅಂದೇ ಪಾತಿ ಮಾಡಿ ಬಿತ್ತಿದಳು.

ಆಮೇಲೆ ನನಗೆ ನನ್ನ ಪಾತಿಯ ನೆನಪೇ ಇಲ್ಲ. ಬೆಳಗಾದರೆ ಬೇಲಿಯ ಮೇಲೆ ಬಗ್ಗಿ ಅವಳ ಪಾತಿ ನೋಡುವುದೇ ಕೆಲಸ. ಇರುವೆ ಹೊತ್ತೊಯ್ದಿತೋ, ಕೋಳಿ ಕೆದಕಿತೋ, ಬೀಜವೇ ಹಳೆಯದಾಗಿತ್ತೋ. ಈ ಸಲವೂ ಹುಟ್ಟದಿದ್ದರೆ ನನ್ನ ಮಾತನ್ನು ಯಾರು ನಂಬುತ್ತಾರೆ? ವಾರ ಕಳೆದು ಶನಿವಾರ ಬಂದರೂ ಇಲ್ಲ. ಭಾನುವಾರವೂ ಇಲ್ಲ.

ಸೋಮವಾರ ಬೆಳಿಗ್ಗೆ ಅವಳ ಗಂಡ ರಾಮಚಂದ್ರಪ್ಪ ಬಿಳಿ ಪಂಚೆ ಉಟ್ಟು, ಕೊಡೆ ಹಿಡಿದು ಹೊರಟ. ಪಾತಿಯಲ್ಲಿ ಇನ್ನೂ ಬರೀ ಮಣ್ಣು. ಕೆರಿಯಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಹೋಗ್ಬ್ಯಾಡಿ."

"ನೀನೇ ಹೇಳಿದ್ದಲ್ಲೇನೇ?"

"ಹೇಳಿದ್ದೆ. ನನ್ನಲ್ಲೇ ಊನ ಅಂದ್ಕೊಂಡು ಹೇಳಿದ್ದೆ." ಬೇಲಿಯ ಕಡೆ ತಿರುಗಿ ನನ್ನನ್ನೇ ನೋಡಿದಳು. "ಅಕ್ಕ, ಹೋದ ವರ್ಷದ ಬೀಜ ಯಾಕೆ ಹುಟ್ಲಿಲ್ಲ ಅಂತ ನೀವೇ ಹೇಳಿ ಇವ್ರಿಗೆ."

ದಾರಿಯಲ್ಲಿ ಬಸ್ಸಿಗೆ ಕಾದಿದ್ದ ನಾಲ್ಕು ಜನವೂ ಇತ್ತ ತಿರುಗಿದರು. ನಾನು ಬೇಲಿ ಸುತ್ತಿ ಅವರ ಅಂಗಳಕ್ಕೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಜಂಬ, ಕುದಿವ ನೀರು, ಬೂದಿ, ಯಾವುದನ್ನೂ ಬಿಡಲಿಲ್ಲ. ರಾಮಚಂದ್ರಪ್ಪ ಕೊಡೆಯನ್ನು ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕೂತುಬಿಟ್ಟ. ಸಾಗರದ ಬಸ್ಸು ಬಂದು ಹೋಯಿತು.

ಕೆರಿಯಮ್ಮ ನನ್ನನ್ನು ಕೂರು ಎನ್ನಲಿಲ್ಲ. ಚೆಂಬಿನಲ್ಲಿ ನೀರು ತಂದು ಆ ಬರಿಯ ಪಾತಿಗೆ ಚಿಮುಕಿಸತೊಡಗಿದಳು.